ಗಟ್ಟಿಯಾಗಿ ಹೇಳಿದ ಆಮೀನ್

ಹೊಸೂರಿನ ನಮ್ಮ ಮಸೀದಿಗೆ ಬಂದಿದ್ದ ಉಪನ್ಯಾಸಕರು ಗಡಿಗಳಿಲ್ಲದ ಒಂದೇ ಸಮುದಾಯ, ಒಂದೇ ಆಡಳಿತದ ಕನಸನ್ನು ವಿವರಿಸಿದರು. ಬಳಿಕ ಸಂಜೆಯ ನಮಾಜಿನಲ್ಲಿ ನನ್ನ ಪಕ್ಕದಲ್ಲಿದ್ದ ಕಾರ್ಖಾನೆಯ ಗೆಳೆಯ, ತನ್ನ ಪಂಗಡದ ರೂಢಿಯಂತೆ, ‘ಆಮೀನ್’ ಎಂದು ಗಟ್ಟಿಯಾಗಿ ಹೇಳಿದ. ನಾವು ಮನಸ್ಸಿನಲ್ಲೇ ಹೇಳಿಕೊಳ್ಳುವವರು.

ನಮಾಜು ಮುಗಿದದ್ದೇ ಸಮಿತಿಯ ಹಿರಿಯರೊಬ್ಬರು ಅವನ ತೋಳು ಹಿಡಿದರು.

“ನಿಮ್ಮೋರ ಮಸೀದಿ ಬೇರೆ ಐತಲ್ಲ, ಅಲ್ಲಿಗೋಗ್ಲಾ. ನಾಳೆಯಿಂದ ಇಲ್ಲಿ ಕಾಣ್ಬಾರ್ದು.”

ಗೆಳೆಯ ಎದ್ದ.

ಉಪನ್ಯಾಸಕರು ಹತ್ತಿರ ಬಂದರು. “ಈ ಸಾಲಿನಾಗೇ ಒಬ್ಬನಿಗೆ ಜಾಗ ಇಲ್ದಿದ್ರೆ, ಲೋಕಕ್ಕೆಲ್ಲ ನಾನೇನಂತ ಹೇಳ್ಲಿ, ಚಾಚಾ?”

ಹಿರಿಯರು ಗೆಳೆಯನ ತೋಳು ಬಿಟ್ಟು ಗೊಣಗಿದರು: “ಬರ್ಲಿ ಬಿಡಪ್ಪ. ನನ್ ಕಿವಿ ಹತ್ರ ಮಾತ್ರ ನಿಲ್ಬೇಡ ಅನ್ನು.”

ಗೆಳೆಯನಿಗೆ ನಗು ತಡೆಯಲಾಗಲಿಲ್ಲ. ಮರುದಿನ ಶಿಫ್ಟ್ ಮುಗಿಸಿ ನಾವಿಬ್ಬರೂ ನಮ್ಮ ಮಸೀದಿಗೇ ಹೋದೆವು.