ಅಮ್ಮನವರು ಕೇಳಿದ ಏಳು ವರ್ಷ

ಕಳೆದ ವರ್ಷ ಜೂನ್ ತಿಂಗಳಲ್ಲಿ ನಮ್ಮ ಮಗಳು ನೀಟ್ ಪರೀಕ್ಷೆ ಪಾಸಾದಳು. ಅಂದಿನಿಂದ ನಮ್ಮ ಮನೆಯಲ್ಲಿ ನಗು ನಿಂತಿತು.

ಪಾಸಾದದ್ದಕ್ಕೆ ಯಾರಾದರೂ ಅಳುತ್ತಾರೆಯೇ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ. ನಾನು ಜಲಜ. ಹತ್ತೊಂಬತ್ತು ವರ್ಷದಿಂದ ದುಬೈಯ ದೇರಾದಲ್ಲಿದ್ದೇನೆ, ಮನೆಯಲ್ಲೇ ಕೂತು ನಮ್ಮೂರ ಹೆಂಗಸರಿಗೆ ರವಿಕೆ ಹೊಲಿಯುತ್ತೇನೆ. ನಮ್ಮವರಿಗೆ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಕೆಲಸ. ಊದ್ ಮೇಥಾದಲ್ಲಿ ಭಾನುವಾರ ನಡೆಯುವ ನಮ್ಮ ಭಜನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ತಾಳ ತಪ್ಪಿಸುವವಳು ಯಾರೆಂದು ಕೇಳಿದರೆ ಮಂಡಳಿಯಲ್ಲಿ ಯಾರಾದರೂ ತೋರಿಸಿಕೊಟ್ಟಾರು.

ಮಗಳು ಅನನ್ಯ ಹತ್ತನೆಯವರೆಗೆ ದುಬೈಯಲ್ಲೇ ಓದಿದಳು. ಮುಂದಿನ ಎರಡು ವರ್ಷದ ಫೀಸು, ಅದರ ಮೇಲೆ ಕೋಚಿಂಗ್, ಎರಡೂ ಇಲ್ಲಿ ನಮ್ಮ ಕೈಗೆ ಎಟಕುವಂತಿರಲಿಲ್ಲ. ಹಾಗಾಗಿ ಅವಳನ್ನು ಮಂಗಳೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಬಿಟ್ಟು ಪಿಯುಸಿ ಮಾಡಿಸಿದೆವು. ಚಿಕ್ಕಂದಿನಿಂದ ಅವಳಿಗೆ ಡಾಕ್ಟರ್ ಆಗುವ ಒಂದೇ ಹಠ. ನೀಟ್‌ನಲ್ಲಿ ಬಂದ ಅಂಕ ಚೆನ್ನಾಗಿತ್ತು. ಕರ್ನಾಟಕದ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದರೆ ಸರ್ಕಾರಿ ಕಾಲೇಜು ಸಿಗುವಷ್ಟು ಚೆನ್ನಾಗಿತ್ತು, ಆ ಸಾಲಿನಿಂದ ಹೊರಗೆ ನಿಲ್ಲಿಸಿದರೆ ದುಡ್ಡು ಕೊಟ್ಟೇ ಓದಬೇಕು.

ಯಾವ ಸಾಲು ಎಂದು ಕೇಳಲು ಮೆಡಿಕಲ್ ಸೀಟು ಮಾಡಿಸಿಕೊಡುವ ಕರಾಮದ ಒಂದು ಆಫೀಸಿಗೆ ಹೋದೆವು. ಮೇಜಿನ ಆಚೆ ನಮ್ಮ ಕಡೆಯದೇ ಹುಡುಗ, ಟೈ ಕಟ್ಟಿ ಕೂತಿದ್ದ.

"ಮಗಳು ಹತ್ತನೆಯವರೆಗೆ ಇಲ್ಲೇ ಅಲ್ವಾ? ಅವಳ ಅಪ್ಪ ನೀವು ಓದಿದ್ದು ಎಲ್ಲಿ ಸರ್?"

"ಬೊಂಬಾಯಿ," ಎಂದರು ನಮ್ಮವರು. "ಎಂಟು ವರ್ಷಕ್ಕೇ ಹೋದವ ನಾನು. ಹಗಲು ಹೋಟೆಲು, ರಾತ್ರಿ ಶಾಲೆ."

"ಹಾಗಾದ್ರೆ ಕರ್ನಾಟಕದ ಸೀಟಿನ ಆಸೆ ಬಿಡಿ. ನಿಮಗೆ ಮೂರು ದಾರಿ ಉಂಟು."

ಮೂರು ದಾರಿಯನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟ. ಊರಿನಲ್ಲೇ ಎನ್ನಾರೈ ಸೀಟು ತೆಗೆದುಕೊಂಡರೆ ಒಂದು ವರ್ಷದ ಫೀಸು ನಮ್ಮವರ ನಾಲ್ಕು ವರ್ಷದ ಸಂಬಳ. ಬೇರೆ ರಾಜ್ಯದ ಖಾಸಗಿ ಕಾಲೇಜಾದರೆ ಅದಕ್ಕಿಂತ ಕಡಿಮೆ, ಆದರೆ ಮನೆ ಕಟ್ಟಲೆಂದು ಊರಿನಲ್ಲಿ ತೆಗೆದಿಟ್ಟ ಐದು ಸೆಂಟ್ಸ್ ಜಾಗ ಹೋಗುತ್ತದೆ, ಅದೂ ಎರಡನೇ ವರ್ಷಕ್ಕೆ ಸಾಲದು. ಜಾರ್ಜಿಯಾ ಎಲ್ಲಕ್ಕಿಂತ ಅಗ್ಗ, ಆದರೆ ಓದಿ ಬಂದ ಮೇಲೆ ಇನ್ನೊಂದು ಪರೀಕ್ಷೆ ಪಾಸಾಗದೆ ನಮ್ಮ ದೇಶದಲ್ಲಿ ಡಾಕ್ಟರ್ ಎಂದು ಬೋರ್ಡು ಹಾಕುವಂತಿಲ್ಲ. ನಮ್ಮವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

ಅಷ್ಟು ಹೊತ್ತು ಆ ಹುಡುಗ ನನ್ನನ್ನು ಏನೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಯಾಕೆಂದು ಹೇಳುತ್ತೇನೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಅಮ್ಮನ ಜೊತೆ ಬೀಡಿ ಕಟ್ಟಲು ಕೂತೆ. ಶಿವರಾತ್ರಿಯ ನಂತರ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮುಂದೆ ಗಲ್ಫಿನ ಸಂಬಂಧ ಬಂದಾಗ ನನ್ನ ಅಣ್ಣ ಗಂಡಿನ ಕಡೆಯವರಿಗೆ "ಹುಡುಗಿ ಎಸ್ಸೆಸ್ಸೆಲ್ಸಿ" ಎಂದುಬಿಟ್ಟ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ನನ್ನ ಮದುವೆಗೆ ಒಂದೇ ಸಾಕಾಯಿತು. ಆ ಒಂದನ್ನು ನಾನು ಇಷ್ಟು ವರ್ಷ ಹೊತ್ತು ತಿರುಗಿದೆ. ಮಗಳ ಶಾಲೆಯ ಫಾರಮ್ಮಿನಲ್ಲೂ ತಾಯಿಯ ವಿದ್ಯಾಭ್ಯಾಸ ಎಸ್ಸೆಸ್ಸೆಲ್ಸಿ ಎಂದೇ ಬರೆಸಿದ್ದೆ. ವಾರಪತ್ರಿಕೆ ಓದಿ ಓದಿ ಕನ್ನಡವೇನೋ ಗಟ್ಟಿಯಾಯಿತು, ಆದರೆ ಯಾರಾದರೂ "ನೀವು ಎಷ್ಟು ಓದಿದ್ದೀರಿ" ಎಂದರೆ ಒಲೆಯ ಮೇಲೆ ಹಾಲಿಟ್ಟ ನೆನಪು ಬರುತ್ತಿತ್ತು.

ಕರಾಮಕ್ಕೆ ಹೋಗಿ ಬಂದ ಮೇಲಿನ ಭಾನುವಾರ ಭಜನೆಯಲ್ಲಿ ನಮ್ಮೂರ ದುರ್ಗಾಪರಮೇಶ್ವರಿ ಅಮ್ಮನವರ ಫೋಟೊದ ಮುಂದೆ ಕೈಮುಗಿದು ಹಣದ ದಾರಿ ತೋರಿಸು ಎಂದು ಬೇಡಿಕೊಂಡೆ. ಊರಿನ ದೇವಸ್ಥಾನದಲ್ಲಿ ಹೂವಿನ ಪೂಜೆಯ ಹರಕೆ ಹೇಳಿಕೊಂಡೆ. ಮುಂದಿನ ವಾರ ಗ್ಯಾರೇಜಿನ ಯಜಮಾನರು ಮುಂಗಡ ಕೇಳಿದರೆ "ಮಾಫಿ", ಅಂದರೆ ಇಲ್ಲ, ಎಂದು ಕೈ ಆಡಿಸಿದರು. ಅದರ ಮುಂದಿನ ವಾರ ಜಾಗ ನೋಡಿ ಹೋದವರು ದಾರಿ ಸರಿ ಇಲ್ಲವೆಂದು ಹಿಂದೆ ಸರಿದರು. ನನಗೆ ಸಿಟ್ಟು ಬಂತು. ಮೂರನೇ ಭಾನುವಾರ ನಾನು ಭಜನೆಗೆ ಬರಲಿಲ್ಲ. ತಲೆನೋವು ಎಂದು ಹೇಳಿ ಕಳಿಸಿದ್ದೆ. ಅಮ್ಮನವರ ಮೇಲೆ ಮುನಿಸಿಕೊಂಡು ಮನೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದೆ.

ಅಂದು ಸಂಜೆ ಮಗಳು ಫೋನಿನಲ್ಲಿ, "ಇಟ್ಸ್ ಓಕೆ ಅಮ್ಮ, ನಾನು ಬಿಎಸ್ಸಿ ಮಾಡ್ತೇನೆ," ಎಂದಳು. ಅವಳು ಅತ್ತು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ, ಆದರೆ ನನ್ನನ್ನೇ ಸಮಾಧಾನ ಮಾಡುವಂತೆ ಹೇಳಿದಳು. ಫೋನಿಟ್ಟ ಮೇಲೆ ಬಹಳ ಅತ್ತೆ.

ಉಳಿದದ್ದು ಅಬುಧಾಬಿಯ ಭಾವ, ನಮ್ಮವರ ಅಣ್ಣ. ಕ್ಯಾಂಟೀನ್ ನಡೆಸುವವರು, ಕೈಯಲ್ಲಿ ನಾಲ್ಕು ಕಾಸು ಇದ್ದವರು. ರಜೆಯ ದಿನ ಬೆಳಿಗ್ಗೆ ಅಲ್ ಘುಬೈಬಾ ನಿಲ್ದಾಣದಿಂದ ಬಸ್ಸು ಹತ್ತಿದೆವು. ಕೇಳುವ ಕೈ ಬರಿದಾಗಿರಬಾರದೆಂದು ಅವರಿಗೆ ಇಷ್ಟವಾದ ಪತ್ರೊಡೆ ಮಾಡಿ ಸ್ಟೀಲ್ ಡಬ್ಬಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಜೆಬೆಲ್ ಅಲಿ ದಾಟುವಾಗ ಮಗಳ ಫೋನು ಬಂತು.

"ಅಮ್ಮ, ಲಿಸನ್. ಸೀಟಿನ ರೂಲ್ಸ್ ಇರುವ ಬುಕ್‌ಲೆಟ್ ನಾನು ಫುಲ್ ಓದಿದೆ. ಪಿಯುಸಿ ಎರಡು ವರ್ಷ ಇಲ್ಲೇ ಮಾಡಿರ್ಬೇಕು, ಅದು ಆಯ್ತು. ಮತ್ತೆ ಪೇರೆಂಟ್ಸಲ್ಲಿ ಒಬ್ರು ಕರ್ನಾಟಕದಲ್ಲಿ ಏಳು ವರ್ಷ ಓದಿರ್ಬೇಕು. ಒಬ್ರು ಅಂದ್ರೆ ಅಪ್ಪನೇ ಅಂತ ಇಲ್ಲ. ನೀನು ಎಸ್ಸೆಸ್ಸೆಲ್ಸಿ ತನಕ ಊರಲ್ಲೇ ಅಲ್ವಾ? ನಿನ್ನ ಸ್ಟಡಿ ಸರ್ಟಿಫಿಕೇಟ್ ಬೇಕು. ಇನ್ನು ಒಂಬತ್ತು ದಿನ ಉಂಟು."

"ಮತ್ತೆ ಮಾಡ್ತೇನೆ," ಎಂದು ಫೋನಿಟ್ಟೆ. ನಮ್ಮವರು "ಎಂತ ಅಂತೆ?" ಎಂದರು. ಹೇಳಿದೆ.

ಅವರ ಮುಖ ಅರಳಿತು. "ಹಾಗಾದ್ರೆ ನಾವು ಎಂತಕ್ಕೆ ಅಬುಧಾಬಿಗೆ ಹೋಗುದು?"

ನಾನು ಡಬ್ಬಿಯ ಮುಚ್ಚಳ ನೋಡುತ್ತಾ ಎಲ್ಲ ಹೇಳಿಬಿಟ್ಟೆ. ಎಸ್ಸೆಸ್ಸೆಲ್ಸಿ ಇಲ್ಲ, ಏಳನೆಯದ್ದೂ ಅರ್ಧ, ಅಣ್ಣ ಹೇಳಿದ್ದು ಸುಳ್ಳು, ನಾನು ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ಸುಳ್ಳು.

"ಗೊತ್ತುಂಟು," ಎಂದರು ನಮ್ಮವರು.

"ಎಂತ ಗೊತ್ತುಂಟು?"

"ನಿನ್ನ ಪಾಸ್‌ಪೋರ್ಟ್ ಮಾಡಿಸಿದ್ದು ಯಾರು? ಹತ್ತು ಪಾಸಾದವರಿಗೆ ಇಸಿಆರ್ ಅಂತ ಸೀಲು ಬೀಳುದಿಲ್ಲ, ಮಾರ್ಕ್ಸ್ ಕಾರ್ಡ್ ತನ್ನಿ ಅಂತ ಏಜೆಂಟ್ ಹೇಳಿದ. ನಿನ್ನ ಅಣ್ಣನ ಹತ್ರ ಕೇಳಿದ್ರೆ ಗೆದ್ದಲು ತಿಂದಿದೆ ಅಂದ. ಬೇರೆ ಕಾಗದ ಎಲ್ಲ ಸರಿ ಉಂಟು, ಗೆದ್ದಲು ಅದೊಂದನ್ನೇ ಹುಡುಕಿ ತಿಂತದಾ? ನಿನ್ನ ಮೊದಲಿನ ಪಾಸ್‌ಪೋರ್ಟಲ್ಲಿ ಇಸಿಆರ್ ಅಂತ ಇತ್ತು ಮಾರಾಯ್ತಿ."

ಆ ಮೂರು ಅಕ್ಷರಕ್ಕೆ ಅಂಥ ಅರ್ಥ ಉಂಟೆಂದು ನನಗೆ ಆ ದಿನದವರೆಗೆ ತಿಳಿದಿರಲಿಲ್ಲ. "ಮತ್ತೆ ಒಂದು ದಿನವೂ ಯಾಕೆ ಕೇಳಲಿಲ್ಲ?" ಎಂದೆ.

"ನೀನೇ ಹೇಳ್ತಿ ಅಂತ ಕಾದೆ. ಮತ್ತೆ ಮರ್ತೇ ಹೋಯ್ತು." ಡಬ್ಬಿಯನ್ನು ನನ್ನ ತೊಡೆಯಿಂದ ತೆಗೆದು ಅವರೇ ಹಿಡಿದುಕೊಂಡರು. "ಈಗ ಹತ್ತು ಯಾರಿಗೆ ಬೇಕು? ಏಳು ಉಂಟಾ ನೋಡುವ."

ಭಾವನ ಮನೆಯಲ್ಲಿ ಹಣದ ಮಾತೆತ್ತಲಿಲ್ಲ. ಪತ್ರೊಡೆ ತಿಂದು, ಕ್ಷೇಮಸಮಾಚಾರ ಮಾತಾಡಿ ಮರಳಿದೆವು. ಅವರಿಗೆ ನಾವು ಯಾಕೆ ಹೋಗಿದ್ದೆವೆಂದು ಇದನ್ನು ಓದಿದ ಮೇಲೆ ಗೊತ್ತಾಗಲಿ.

ಏಳು ಉಂಟೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟವಳ ಹೆಸರು ಹೊಡೆದುಹಾಕಿದ್ದರೆ ಆರೇ ವರ್ಷ, ಅಲ್ಲಿಗೆ ಖಲಾಸ್. ನನ್ನ ಮಟ್ಟಿಗೆ ನಾನು ಏಳನೇ ಫೇಲ್. ಮಗಳಿಗೆ ಫೋನು ಮಾಡಿ ಅದನ್ನೂ ಹೇಳಿದೆ.

"ಅದಕ್ಕಾ ನೀನು ನನ್ನ ಮ್ಯಾತ್ಸ್ ಹೋಮ್‌ವರ್ಕ್ ನೋಡ್ತಿರ್ಲಿಲ್ಲ?" ಎಂದಳು. "ನಿನಗೆ ಇಂಟ್ರೆಸ್ಟ್ ಇಲ್ಲ ಅಂತ ನಾನು ಎಣಿಸಿದ್ದೆ ಅಮ್ಮ."

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನನ್ನ ನಾಚಿಕೆಯನ್ನು ಮುಚ್ಚಿಡಲು ಹೋಗಿ ಮಗಳ ಕಣ್ಣಿಗೆ ಅವಳ ಓದೇ ಬೇಡದ ತಾಯಿಯಂತೆ ಕಂಡಿದ್ದೆ.

ನಾನು ಓದಿದ ಶಾಲೆ ಈಗ ಇಲ್ಲ, ಮಕ್ಕಳಿಲ್ಲದೆ ಪಕ್ಕದ ಊರಿನ ಶಾಲೆಗೆ ಸೇರಿಸಿದ್ದಾರೆ. ತಂಗಿ ಮತ್ತು ಮಗಳು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದರೆ ಹೆಡ್‌ಮಿಸ್ ತರಬೇತಿಗೆ ಹೋಗಿದ್ದರು. ಹಳೆಯ ರಿಜಿಸ್ಟರ್ ಇದ್ದ ಕಪಾಟಿನ ಬೀಗದ ಕೈ ಅವರ ಹತ್ತಿರ. ಬುಧವಾರ ಬನ್ನಿ ಎಂದರಂತೆ. ಒಂಬತ್ತು ದಿನದಲ್ಲಿ ನಾಲ್ಕು ಅಲ್ಲಿಗೇ ಹೋಯಿತು.

ನಡುವೆ ಬಂದ ಭಾನುವಾರ ಮುನಿಸು ಬಿಟ್ಟು ಭಜನೆಗೆ ಬಂದೆ. ಮಂಗಳಾರತಿಯ ಹೊತ್ತಿಗೆ ಈ ಸಲ ಹಣ ಕೇಳಲಿಲ್ಲ. "ಅಮ್ಮಾ, ನನ್ನ ಹತ್ತಿರ ಏಳು ವರ್ಷ ಇದ್ದರೆ ಅದನ್ನು ನನ್ನ ಮಗಳಿಗೆ ಕೊಡಿಸು. ಇಲ್ಲದಿದ್ದರೆ ಇಲ್ಲ ಎಂದು ನಾಲ್ಕು ಜನರ ಮುಂದೆ ಹೇಳುವ ಧೈರ್ಯ ಕೊಡು" ಎಂದೆ. ಹತ್ತೊಂಬತ್ತು ವರ್ಷದಲ್ಲಿ ಆ ಫೋಟೊದ ಮುಂದೆ ನಾನು ಏನನ್ನೂ ಮುಚ್ಚಿಡದೆ ನಿಂತದ್ದು ಅದೇ ಮೊದಲು. ಮನಸ್ಸು ಎಷ್ಟು ಹಗುರಾಯಿತೆಂದರೆ, ಅಂದು ತಾಳ ಕೂಡ ತಪ್ಪಲಿಲ್ಲ.

ಬುಧವಾರ ದೇರಾದ ಮೀನು ಮಾರ್ಕೆಟಿನಲ್ಲಿ ಬಂಗುಡೆ ಆರಿಸುತ್ತಿದ್ದೆ. ಫೋನಿಗೆ ಒಂದು ಚಿತ್ರ ಬಂತು. ಹಳದಿಯಾದ ಹಾಳೆ, ನೀಲಿ ಶಾಯಿ, ಒಂದು ಸಾಲು. ನನ್ನ ಹೆಸರು, ಅಪ್ಪನ ಹೆಸರು, ಒಂದನೇ ತರಗತಿಗೆ ಸೇರಿದ ವರ್ಷ. ಕೊನೆಯ ಕಾಲಂನಲ್ಲಿ, "ಏಳನೆಯ ತರಗತಿ ಉತ್ತೀರ್ಣ."

ಆಗ ನೆನಪಾಯಿತು. ಆ ವರ್ಷದ ಪಬ್ಲಿಕ್ ಪರೀಕ್ಷೆಯ ದಿನ ಬೆಳಿಗ್ಗೆ ನಮ್ಮ ಗುಲಾಬಿ ಟೀಚರ್ ಅಂಗಳಕ್ಕೆ ಬಂದು ನಿಂತಿದ್ದರು. "ಪರೀಕ್ಷೆ ಮುಗಿಯುವ ತನಕ ಇವಳನ್ನು ನನಗೆ ಕೊಡಿ, ಮತ್ತೆ ನಿಮ್ಮ ಮಗಳು ನಿಮಗೆ" ಎಂದು ಅಮ್ಮನನ್ನು ಒಪ್ಪಿಸಿ, ಕೈಗೆ ಅಂಟಿದ ಹೊಗೆಸೊಪ್ಪಿನ ವಾಸನೆಯ ಸಮೇತ ನನ್ನನ್ನು ಬಸ್ಸಿನಲ್ಲಿ ಪರೀಕ್ಷೆಯ ಶಾಲೆಗೆ ಕರೆದೊಯ್ದಿದ್ದರು. ಬರೆದೆ, ಬಂದೆ, ಮತ್ತೆ ಬೀಡಿಗೆ ಕೂತೆ. ಫಲಿತಾಂಶ ನೋಡಲು ಹೋಗಲೇ ಇಲ್ಲ. ಓದದೆ ಬರೆದದ್ದು ಹೇಗೂ ಫೇಲು ಎಂದುಕೊಂಡೆ. ಪಾಸಾದ ಸಂಗತಿ ನನಗೆ ತಿಳಿದದ್ದು ಮೂವತ್ತು ವರ್ಷದ ನಂತರ, ಬಂಗುಡೆಯ ರಾಶಿಯ ಮುಂದೆ. ನಾನು ಅಳುವುದು ನೋಡಿ ಮೀನು ಕೊಯ್ಯುವ ಬಂಗಾಳಿ "ಕ್ಯಾ ಹುವಾ ದೀದಿ?" ಎಂದು ಕತ್ತಿ ಕೆಳಗಿಟ್ಟ. "ಪಾಸ್ ಹೋ ಗಯಾ," ಎಂದೆ. ಮಗನೋ ಮಗಳೋ ಎಂದು ಕೇಳಿದ. ನಾನು ಎಂದು ಹೇಳಿದರೆ ಅವನಿಗೆ ಅರ್ಥವಾಗುತ್ತಿರಲಿಲ್ಲ.

ಗುಲಾಬಿ ಟೀಚರ್ ಈಗ ಇಲ್ಲವಂತೆ. ಅವರಿಗೊಂದು ಮಾತು ಹೇಳಲಾಗಲಿಲ್ಲವೆಂಬ ದುಃಖ ನನಗೆ ಉಳಿದೇ ಉಳಿಯುತ್ತದೆ.

ಸರ್ಟಿಫಿಕೇಟಿಗೆ ಶಿಕ್ಷಣಾಧಿಕಾರಿಗಳ ಕಚೇರಿಯ ಸೀಲೂ ಬಿತ್ತು, ಕೊನೆಯ ದಿನಕ್ಕೆ ಒಂದು ದಿನ ಮೊದಲು ಸೇರಬೇಕಾದಲ್ಲಿ ಸೇರಿತು. ಎರಡನೇ ಸುತ್ತಿನಲ್ಲಿ ಮಗಳಿಗೆ ಕರ್ನಾಟಕದ ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮಂಗಳೂರಿನಿಂದ ದೂರ, ಊಟಕ್ಕೆ ರೊಟ್ಟಿಯಂತೆ, ಸೆಖೆ ದುಬೈಗಿಂತ ಏನೂ ಕಡಿಮೆ ಇಲ್ಲವಂತೆ. ಒಂದು ವರ್ಷದ ಫೀಸು ನಮ್ಮವರ ಒಂದು ತಿಂಗಳ ಸಂಬಳದಲ್ಲಿ ಮುಗಿಯಿತು. ಐದು ಸೆಂಟ್ಸ್ ಜಾಗ ಹಾಗೇ ಉಂಟು.

ಆ ಬುಕ್‌ಲೆಟ್ ಸರಿಯಾಗಿ ಓದಿದ್ದರೆ ಮೊದಲೇ ಗೊತ್ತಾಗುತ್ತಿತ್ತು, ಇದರಲ್ಲಿ ದೇವರ ಕೆಲಸವೇನು ಎಂದು ಕೆಲವರು ಹೇಳಿಯಾರು. ಇರಬಹುದು. ಆದರೆ ನನ್ನ ಮಗಳು ಹುಟ್ಟುವ ಎಷ್ಟೋ ವರ್ಷ ಮೊದಲು ಆ ಟೀಚರನ್ನು ನಮ್ಮ ಅಂಗಳಕ್ಕೆ ಕಳಿಸಿದವರು ಯಾರು? ನಾನು ಅಮ್ಮನವರ ಹತ್ತಿರ ಇಲ್ಲದ ಹಣ ಬೇಡುತ್ತಿದ್ದೆ. ಅವರು ನಾನು ಅಡಗಿಸಿಟ್ಟದ್ದನ್ನು ಹೊರಗೆ ತಾ ಎಂದರು. ನಾನು ಹೊರಗೆ ತಂದೆ, ಅಷ್ಟರಿಂದಲೇ ಕೆಲಸ ಆಯಿತು. ಡಿಸೆಂಬರಿನಲ್ಲಿ ಊರಿಗೆ ಹೋಗಿ ಹೂವಿನ ಪೂಜೆ ಸಲ್ಲಿಸಿ ಬಂದೆವು. ಅಮ್ಮನವರ ಪಾದಕ್ಕೆ ಎಷ್ಟು ಸಲ ತಲೆಬಾಗಿದರೂ ನನಗೆ ಸಾಲದು.

ನಮ್ಮ ಮಂಡಳಿಯ ಸಂಚಿಕೆಯ ಸಂಪಾದಕರಲ್ಲಿ ಒಂದು ವಿನಂತಿ. ಇದನ್ನು ನಾನೇ ನನ್ನ ಕೈಯಾರೆ ಬರೆದಿದ್ದೇನೆ. ತಪ್ಪಿದ್ದಲ್ಲಿ ತಿದ್ದಿ, ಉದ್ದವಾಗಿದ್ದರೆ ಕತ್ತರಿಸಿ. ಕೆಳಗೆ ನನ್ನ ಹೆಸರಿನ ಮುಂದೆ ಇರುವುದನ್ನು ಮಾತ್ರ ದಯವಿಟ್ಟು ತೆಗೆಯಬೇಡಿ.

ಜಲಜ, ಏಳನೇ ತರಗತಿ ಪಾಸ್
ದೇರಾ, ದುಬೈ