ಒಬ್ಬರಿಗೊಂದೇ ಪುಡಿಂಗ್

ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಊರಿನ ಬೆರಿಲ್ ಹಾಡ್ಜೆಟ್ಸ್‌ಗೆ ಎಪ್ಪತ್ತಾರು. ಮೂವತ್ತೆಂಟು ವರ್ಷ ಕಾರ್ಪೆಟ್ ಕಾರ್ಖಾನೆಯಲ್ಲಿ ತುಂಡಾದ ನೂಲಿಗೆ ಗಂಟು ಹಾಕಿದವಳು. ವಾರವಿಡೀ ಮೇಸ್ತ್ರಿ ಹೇಳಿದಂತೆ ಕೇಳುತ್ತಿದ್ದಳು, ಭಾನುವಾರ ಮನೆಮಂದಿಯೆಲ್ಲ ಅವಳು ಹೇಳಿದಂತೆ ಕೇಳಬೇಕಿತ್ತು. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಹುರಿದ ದನದ ಮಾಂಸ, ಗರಿಗರಿ ಆಲೂಗಡ್ಡೆ, ಹಿಟ್ಟು-ಮೊಟ್ಟೆ ಕಲಸಿ ಬೇಯಿಸಿದ, ಬಟ್ಟಲಿನಂತೆ ಉಬ್ಬಿದ ಯಾರ್ಕ್‌ಷೈರ್ ಪುಡಿಂಗ್ ಮೇಜಿಗೆ ಬರುತ್ತಿದ್ದವು. ಪುಡಿಂಗ್ ಒಬ್ಬರಿಗೊಂದೇ. ಅಳಿಯ ರಸೆಲ್ ಇಪ್ಪತ್ತಾರು ವರ್ಷದಿಂದ ಇನ್ನೊಂದು ಕೇಳುತ್ತಲೇ ಇದ್ದ, ಅವಳು ಜಪ್ಪಯ್ಯ ಅಂದರೂ ಕೊಟ್ಟಿರಲಿಲ್ಲ.

ಭಾನುವಾರ ಹೊರಗೆ ಉಣ್ಣುವವರನ್ನು ಕಂಡರೆ ಅವಳಿಗೆ ಆಗದು. ಊರಾಚೆ ಹೊಲಗಳ ನಡುವೆ 'ನೇಗಿಲು' ಎಂಬ ಪಬ್ಬಿದೆ, ಅದೇ ಕಂಪನಿಯ ಅಂಥವೇ ಪಬ್ಬುಗಳು ದೇಶದ ತುಂಬ ಇವೆ. ಅಲ್ಲಿನ ಗ್ರೇವಿಗೆ ಅವಳಿಟ್ಟ ಹೆಸರು ಪಾತ್ರೆ ತೊಳೆದ ನೀರು. ಅಂಥವಳು ಮೂರು ಭಾನುವಾರದಿಂದ ಅಲ್ಲೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಾಳೆ. ಮನೆಯ ಓವನ್ ಕೆಟ್ಟಿದೆ ಎಂದು ಹೇಳಿದ್ದಾಳೆ.

ಓವನ್‌ಗೆ ಏನೂ ಆಗಿರಲಿಲ್ಲ. ಕೈಕೊಟ್ಟದ್ದು ಅವಳ ಬೆರಳುಗಳು. ತಿಂಗಳ ಹಿಂದೆ, ಕುದಿಯುವ ಕೊಬ್ಬಿದ್ದ ಟ್ರೇಯನ್ನು ಹೊರಗೆಳೆಯುವಾಗ ಹಿಡಿತ ತಪ್ಪಿ ಮಾಂಸ, ಆಲೂಗಡ್ಡೆ ಎಲ್ಲ ನೆಲದ ಪಾಲಾಯಿತು. ಮಂಡಿಯೂರಿ ಒರೆಸಿ, ಮಗಳು ಲಿನೆಟ್‌ಗೆ ಫೋನ್ ಮಾಡಿ ಸುಳ್ಳು ಹೇಳಿದಳು. ನಿಜ ಹೇಳಿದರೆ ಮಗಳು ದಿನಕ್ಕೆರಡು ಸಲ ಬಂದು ಚಾಕು ಮುಟ್ಟಬೇಡ, ಕೆಟಲ್ ಎತ್ತಬೇಡ ಎನ್ನುತ್ತಾಳೆ. ತನ್ನ ಮನೆಯಲ್ಲೇ ಕೂಸಾಗಿ ಕೂರುವುದು ಬೆರಿಲ್‌ಗೆ ಬೇಡವಾಗಿತ್ತು. ಆದರೆ ಸುಳ್ಳಿಗೆ ಬೇರೇನೂ ಸಿಗಲಿಲ್ಲವೇ? ರಸೆಲ್‌ನ ಕಸುಬೇ ಓವನ್ ರಿಪೇರಿ. ಅವನು ಬಂದು ನೋಡುತ್ತೇನೆ ಎಂದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದಳು.

ಇವತ್ತು ಸಾಲು ಬಾಗಿಲವರೆಗೂ ಇತ್ತು. ಬಿಳಿ ಟೊಪ್ಪಿಗೆಯ ಅಡುಗೆಯವನು ಮಾಂಸ ಕೊಯ್ದು ಹಾಕಿ, ಪಕ್ಕದಲ್ಲೊಂದು ಪುಡಿಂಗ್ ಇಟ್ಟ. ತರಕಾರಿ ಬಡಿಸಿಕೊಂಡದ್ದೇ ರಸೆಲ್ ಅತ್ತೆಯ ತಟ್ಟೆಯನ್ನೂ ಎತ್ತಿಕೊಂಡ.

"ಯಾಕೋ, ನನಗೇನು ಕೈಯಿಲ್ವಾ?"

"ತಟ್ಟೆ ಸುಡ್ತಿದೆ ಅತ್ತೆ."

ಮೇಜಿಗೆ ಕೂತು ಗ್ರೇವಿ ನೆಕ್ಕಿದ ಬೆರಿಲ್, "ಪರವಾಗಿಲ್ಲ, ಇವತ್ತು ಪಾತ್ರೆ ತೊಳೆದ ನೀರಿಗೆ ಉಪ್ಪು ಹಾಕಿದಾರೆ" ಎಂದಳು.

"ಬೈಕೊಂಡು ತಿನ್ನೋ ಬದಲು ಓವನ್ ಸರಿ ಮಾಡಿಸ್ಕೋಬಾರದಾ ಅಮ್ಮ?" ಎಂದಳು ಲಿನೆಟ್. "ಮನೇಲೇ ರಿಪೇರಿಯವನ್ನ ಇಟ್ಕೊಂಡು."

"ನೋಡಿದೆ," ಎಂದ ರಸೆಲ್. "ಗುರುವಾರ ಅತ್ತೆ ಬಿಂಗೋ ಆಟಕ್ಕೆ ಹೋಗಿದ್ರಲ್ಲ, ನಮ್ಮ ಹತ್ರ ಇರೋ ಬೀಗದಕೈ ತಗೊಂಡು ಹೋಗಿದ್ದೆ."

ಬೆರಿಲ್ ಗುರುವಾರ ಬಿಂಗೋಗೆ ಹೊರಡುವ ಮುಂಚೆ ಅದೇ ಓವನ್‌ನಲ್ಲಿ ಸಣ್ಣದೊಂದು ಪೈ ಬೇಯಿಸಿಕೊಂಡು ತಿಂದಿದ್ದಳು. ಅವನು ಬಾಗಿಲು ತೆಗೆದಾಗ ಒಳಗೆ ಇನ್ನೂ ಬಿಸಿಯಿದ್ದಿರಬೇಕು. ಮರ್ಯಾದೆ ಹೋಯಿತು ಎಂದು ಫೋರ್ಕ್ ಕೆಳಗಿಟ್ಟಳು.

"ಥರ್ಮೋಸ್ಟಾಟ್ ಹೋಗಿದೆ," ಎಂದ ರಸೆಲ್, ಬಟಾಣಿಯನ್ನು ಗ್ರೇವಿಗೆ ಕಲಸುತ್ತ. "ಆ ಮಾಡೆಲ್‌ದು ಈಗ ಎಲ್ಲೂ ಸಿಗಲ್ಲ."

"ಹಾಗಾದ್ರೆ ಹೊಸ ಓವನ್ ತರೋಣ."

"ಆ ಗೂಡಿಗೆ ಹೊಸದು ಕೂರಲ್ಲ ಕಣೇ. ಭಾನುವಾರ ಇಲ್ಲಿಗೇ ಬರೋಣ ಬಿಡು."

ಅವನು ತಲೆಯೆತ್ತಿ ಅತ್ತೆಯ ಕಡೆ ನೋಡಲೇ ಇಲ್ಲ. ಬೆರಿಲ್‌ಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳಿಯನ ಮೇಲೆ ಅಕ್ಕರೆ ಉಕ್ಕಿತು. ಚಮಚವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಪುಡಿಂಗನ್ನು ಎತ್ತಿ ಅವನ ತಟ್ಟೆಗೆ ಹಾಕಿದಳು. ಲಿನೆಟ್ ಬಾಯಿ ಬಿಟ್ಟುಕೊಂಡು ನೋಡಿದಳು.

"ನಂದು ಇದಕ್ಕಿಂತ ಚೆನ್ನಾಗಿ ಉಬ್ತಿತ್ತು," ಎಂದಳು ಬೆರಿಲ್.

"ಉಬ್ತಿತ್ತು ಅತ್ತೆ," ಎಂದು ರಸೆಲ್ ಅದಕ್ಕೆ ಗ್ರೇವಿ ಸುರಿದುಕೊಂಡ.