ಬೆರಣಿ ಸಾಹುಕಾರ

ನರಿನ್ ಕಣಿವೆಯ ಆ ಹಳ್ಳಿಯಲ್ಲಿ ತೆಜೆಕ್‌ಬಾಯ್‌ನಷ್ಟು ಜಂಬದ ಮುದುಕ ಇನ್ನೊಬ್ಬನಿರಲಿಲ್ಲ, ಅವನ ಹೆಸರಿನಷ್ಟು ಬಡಪಾಯಿ ಹೆಸರೂ ಇನ್ನೊಂದಿರಲಿಲ್ಲ. ಕಿರ್ಗಿಜರ ಮಾತಿನಲ್ಲಿ ತೆಜೆಕ್ ಅಂದರೆ ಬೆರಣಿ, ಬಾಯ್ ಅಂದರೆ ಸಾಹುಕಾರ. ಬೆರಣಿ ಸಾಹುಕಾರ! ಅಣ್ಣಂದಿರೆಲ್ಲ ತೊಟ್ಟಿಲಲ್ಲೇ ತೀರಿಕೊಂಡ ಮೇಲೆ ಹುಟ್ಟಿದವನು ಇವನು. ಸಾವಿಗೆ ಹೇಸಿಗೆಯಾಗಲಿ, ಮೂಗು ಮುಚ್ಚಿಕೊಂಡು ಮುಂದಿನ ಮನೆಗೆ ಹೋಗಲಿ ಅಂತ ಹೆತ್ತವರೇ ಹೇಳಿ ಇಡಿಸಿದ ಹೆಸರದು. ಸಾವೇನೋ ಹೋಯಿತು. ಹೆಸರು ಮಾತ್ರ ಅಂಟಿಕೊಂಡು ಶಾಲೆಯಲ್ಲಿ, ಸೈನ್ಯದಲ್ಲಿ, ಕೊನೆಗೆ ಮದುವೆಯ ದಿನವೂ ಅವನ ಮರ್ಯಾದೆ ತೆಗೆಯಿತು.

ಅದಕ್ಕೇ ಮೊಮ್ಮಗ ಹುಟ್ಟಿದಾಗ ಅವನನ್ನು ಹಿಡಿಯುವವರೇ ಇರಲಿಲ್ಲ. ಸೊಸೆ ಗುಲ್ಜಿನಾ ಹೆತ್ತ ಎರಡು ಕೂಸುಗಳು ಉಳಿದಿರಲಿಲ್ಲ, ಇದು ಮೂರನೆಯದು. ಕಿವಿಯಲ್ಲಿ ಹೆಸರು ಕೂಗುವ ಹಕ್ಕು ಅಜ್ಜನದು. ಮುದುಕ ಸೀದಾ ಅಂಗಡಿ ಕಟ್ಟೆಗೆ ಹೋಗಿ ಕೂತ.

"ಅಲ್ಟಿನ್‌ಬೆಕ್ ಅಂತ ಇಡ್ತೀನಿ ಕಣೋ. ಚಿನ್ನದ ದೊರೆ!"

"ಬೆರಣಿ ಒಲೇಲಿ ಚಿನ್ನ ಹುಟ್ತಾ? ಭೇಷ್!" ಎಂದ ಗೆಳೆಯ ದೊರೊನ್‌ಬೆಕ್. "ಮೆಲ್ಲಗೆ ಮಾರಾಯಾ. ಹೆಸರಿಡೋಕ್ಮುಂಚೆ ಯಾರಾದ್ರೂ ಹೊಗಳ್ತಾರಾ? ದೃಷ್ಟಿಯಾಗುತ್ತೆ."

"ಹೋಗೋ ಹೋಗೋ, ನಿಂಗೆ ಹೊಟ್ಟೆಕಿಚ್ಚು. ಅದರ ಕೆನ್ನೆ ನೋಡಿದೀಯಾ? ಕುರಿಮರಿ ಥರ ತೂಕ ಇದೆ!"

ಆ ಕಣಿವೆಯಲ್ಲಿ ಎಳೆಗೂಸನ್ನು ಕುರೂಪಿ ಅಂತ ಬೈದೇ ಮುದ್ದಿಸಬೇಕು. ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು, ಈ ದೊಡ್ಡ ಮನುಷ್ಯನಿಗೆ ಮರೆತುಹೋಗಿತ್ತು.

ಮಾರನೆಯ ದಿನವೇ ಕೂಸಿನ ಮೈ ಸುಡತೊಡಗಿತು. ನರ್ಸಮ್ಮ ಬಂದು ಸೂಜಿ ಚುಚ್ಚಿ, ಕಾದು ನೋಡಿ ಎಂದು ಹೋದಳು. ಸಂಜೆಯ ಹೊತ್ತಿಗೆ ಕೂಸು ಅಳುವುದನ್ನೂ ಬಿಟ್ಟಿತ್ತು.

ಹೆಂಡತಿ ಬುರ್ಮಾಕಾನ್ ಗಂಡನ ಮೇಲೆ ಹರಿಹಾಯ್ದಳು. "ಊರೆಲ್ಲ ಡಂಗುರ ಹೊಡ್ಕೊಂಡು ಬಂದ್ರಲ್ಲ, ತಣ್ಣಗಾಯ್ತಾ ಹೊಟ್ಟೆ? ಹೆಸರಿಲ್ದೆ ಹೋಗೋಕೆ ಬಿಡಬೇಡಿ ಅದನ್ನ. ಈಗ್ಲೇ ಕೂಗಿ."

ತೆಜೆಕ್‌ಬಾಯ್ ಕೂಸನ್ನೆತ್ತಿಕೊಂಡ. ಬಾಯಿ ತೆರೆಯುವಷ್ಟರಲ್ಲಿ ಗುಲ್ಜಿನಾ ಅವನ ತೋಳು ಹಿಡಿದಳು.

"ಆ ಚಿನ್ನ ಬೇಡ ಅಪ್ಪಾ. ನಿಮ್ಮ ಹೆಸರಿಡಿ. ನಿಮ್ಮನ್ನ ಉಳಿಸಿದ ಹೆಸರು."

"ನನ್ನ ಹೆಸರಾ? ಹುಚ್ಚಾ ನಿಂಗೆ? ಅದನ್ನ ಹೊತ್ಕೊಂಡು ನಾನು ಪಟ್ಟ ಪಾಡು ಸಾಲ್ದಾ?"

ಅವಳು ತೋಳು ಬಿಡಲಿಲ್ಲ. ಮುದುಕನಿಗೆ ಆಗ ಇನ್ನೊಂದು ಹೊಳೆಯಿತು. ಸೊಸೆ ಮಾವನ ಹೆಸರು ಬಾಯಲ್ಲಿ ಆಡುವಂತಿಲ್ಲ. ಈ ಗುಲ್ಜಿನಾ ಎಂಥವಳೆಂದರೆ, ಮನೆಗೆ ಬಂದಂದಿನಿಂದ ಬೆರಣಿಯನ್ನು ಬೆರಣಿ ಅಂದವಳಲ್ಲ. 'ಒಲೆಗೆ ಹಾಕೋದು' ಅನ್ನುತ್ತಿದ್ದಳು, ಊರು ನಗುತ್ತಿತ್ತು.

"ಅಲ್ಲ ತಾಯೀ," ಎಂದ ದನಿ ತಗ್ಗಿಸಿ, "ನನ್ನ ಹೆಸರಿಟ್ರೆ ನೀನು ಹೇಗೆ ಕರೀತೀಯ? ಹೆತ್ತ ಮಗನ್ನ ಜೀವಮಾನದಲ್ಲಿ ಒಂದು ಸಲಾನೂ ಹೆಸರು ಹಿಡಿದು ಕೂಗೋಕಾಗಲ್ವಲ್ಲ ನಿಂಗೆ."

"ಊರೆಲ್ಲ ಕೂಗ್ಲಿ. ಓ ಅನ್ನೋಕೆ ಅವನಿದ್ರೆ ಸಾಕು ನಂಗೆ."

ತನ್ನವ್ವನೂ ಒಂದು ದಿನ ಹೀಗೇ ಯಾರದೋ ತೋಳು ಹಿಡಿದು ಬೇಡಿಕೊಂಡಿದ್ದಾಳು ಎಂದು ಮುದುಕನಿಗೆ ಈ ವಯಸ್ಸಿನವರೆಗೂ ಹೊಳೆದಿರಲಿಲ್ಲ. ಇಷ್ಟು ವರ್ಷ ಆ ಹೆಸರಿಗೆ ಶಾಪ ಹಾಕಿದ್ದೇ ಹಾಕಿದ್ದು. ಅವನಿಗೆ ಅವ್ವನ ಮುಂದೆ ನಾಚಿಕೆಯಾಯಿತು.

ಬಗ್ಗಿ, ಆ ಪುಟ್ಟ ಕಿವಿಗೆ ಬಾಯಿಟ್ಟು ಕರೆದ. "ನಿನ್ನ ಹೆಸರು ತೆಜೆಕ್‌ಬಾಯ್." ಕೂಸು ಮಿಸುಕಲಿಲ್ಲ. "ತೆಜೆಕ್‌ಬಾಯ್!" ಎಂದ ಮತ್ತೆ. ಬುರ್ಮಾಕಾನ್ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಮೂರನೆಯ ಸಲ ಅವನು ಪಕ್ಕದ ಮನೆಗೂ ಕೇಳುವಂತೆ, ಬೈಗುಳದಂತೆ, ಎದೆ ಬಿರಿಯೆ ಕೂಗಿದ.

ಕೂಸು ಬೆಚ್ಚಿಬಿದ್ದು, ಮುಖ ಕೆಂಪಗೆ ಮಾಡಿಕೊಂಡು ಚೀರಿತು.

ಗುಲ್ಜಿನಾ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಎದೆಗವಚಿಕೊಂಡಳು.

"ಅಪ್ಪಾ," ಎಂದಳು ಅಳುತ್ತ, ನಗುತ್ತ, "ಓ ಅಂದ!"